ಜಾಝ್ ಎಲ್‌ಪಿಗಳ ಹೊಸ ಮುದ್ರಣ: ದುಬಾರಿಯದ್ದೇ ಬೇಕಾ?

ತುಂಗಾತೀರ, ಶಿವಮೊಗ್ಗ
ಅಪ್ಪನ ಕಾಲದ ಟರ್ನ್‌ಟೇಬಲ್‌ಗೆ ಬೆಲ್ಟು ಬದಲಾಯಿಸಿ ಹೊಸ ಮುಳ್ಳು ಹಾಕಿಸಿದ್ದೇನೆ. ಇಷ್ಟು ದಿನ ಹಳೇ ಕನ್ನಡ ಸಿನಿಮಾ ಪ್ಲೇಟುಗಳೇ ಓಡುತ್ತಿದ್ದವು, ಈಗ ಜಾಝ್ ಹುಚ್ಚು ಹಿಡಿದಿದೆ. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’, ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಎರಡೂ ಬೇಕು. ನಮ್ಮೂರಲ್ಲಿ ಎಲ್ಲಿ ಸಿಗಬೇಕು, ಆನ್‌ಲೈನೇ ಗತಿ. ಅಲ್ಲಿ ನೋಡಿದರೆ ಒಂದೇ ಆಲ್ಬಂ ಅಗ್ಗಕ್ಕೂ ಇದೆ, ಅದರ ಮೂರು ಪಟ್ಟು ಬೆಲೆಗೂ ಇದೆ. ಎರಡರ ಮೇಲೂ ‘180 ಗ್ರಾಂ’ ಅಂತ ದೊಡ್ಡದಾಗಿ ಬರೆದಿದ್ದಾರೆ. ವ್ಯತ್ಯಾಸ ಕಿವಿಗೆ ಗೊತ್ತಾಗುತ್ತಾ, ಇಲ್ಲಾ ಸುಮ್ನೆ ಕವರಿಗೆ ದುಡ್ಡಾ?

ಹಳೇಪ್ಲೇಟು, ಸಾಗರ
ಗ್ರಾಂ ಲೆಕ್ಕ ಬಿಟ್ಟುಬಿಡಿ, ತೂಕ ಜಾಸ್ತಿಯಾದರೆ ಸದ್ದು ಚೆನ್ನಾಗಿರುತ್ತದೆ ಅಂತೇನಿಲ್ಲ. ಯಾವ ಟೇಪಿನಿಂದ ಮಾಡಿದರು, ಯಾರು ಕಟ್ ಮಾಡಿದರು (ಅಂದರೆ ಒತ್ತುವ ಮೊದಲು ಅಚ್ಚಿನ ತಟ್ಟೆಯಲ್ಲಿ ಸದ್ದಿನ ಗೀರು ಕೊರೆದವರು ಯಾರು) ಅನ್ನುವುದನ್ನು ನೋಡಿ. 1963ಕ್ಕೆ ಮೊದಲು ಹೊರಬಂದ ರೆಕಾರ್ಡಿಂಗುಗಳ ಹಕ್ಕು ಯುರೋಪಿನಲ್ಲಿ ಮುಗಿದಿದೆ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಒತ್ತಿ ಮಾರಬಹುದು, ಮೂಲ ಟೇಪು ಕೈಯಲ್ಲಿ ಇರಲೇಬೇಕು ಅಂತಿಲ್ಲ. ಸಿಡಿಯಿಂದ ಎತ್ತಿದರೂ ಕೇಳುವವರಿಲ್ಲ. ಎಲ್ಲವೂ ಕೆಟ್ಟದಾಗಿರುತ್ತವೆ ಅಂತಲ್ಲ, ಆದರೆ ಎಲ್ಲಿಂದ ಮಾಡಿದ್ದು ಅಂತ ಕವರಿನಲ್ಲಿ ಹೇಳದಿದ್ದರೆ ನಾನಂತೂ ಕೊಳ್ಳುವುದಿಲ್ಲ.

‘ಬ್ಲೂ ಟ್ರೇನ್’ ತಂದ ಅಮೆರಿಕದ ಜಾಝ್ ಕಂಪನಿ ಬ್ಲೂ ನೋಟ್‌ನವರದ್ದೇ ಎರಡು ಸರಣಿ ಇವೆ. 2019ರಲ್ಲಿ ಶುರುವಾದ ಟೋನ್ ಪೊಯೆಟ್ ದುಬಾರಿ, ಕ್ಲಾಸಿಕ್ ವಿನೈಲ್ ಅದಕ್ಕಿಂತ ಕಡಿಮೆ. ಕಟ್ ಮಾಡುವವರು ಎರಡಕ್ಕೂ ಕೆವಿನ್ ಗ್ರೇ ಅವರೇ! ಮೊದಲನೆಯದನ್ನು ಕ್ಯಾಲಿಫೋರ್ನಿಯಾದಲ್ಲಿ ಒತ್ತುತ್ತಾರೆ, ಎರಡನೆಯದನ್ನು ಜರ್ಮನಿಯಲ್ಲಿ. ದಪ್ಪ ಕವರಿನ ಆಸೆ ಇಲ್ಲದಿದ್ದರೆ ಕ್ಲಾಸಿಕ್ ಧಾರಾಳ ಸಾಕು.

‘ಬ್ಲೂ ಟ್ರೇನ್’ 2022ರಲ್ಲಿ ಟೋನ್ ಪೊಯೆಟ್‌ನಲ್ಲಿ ಮೊನೊ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು), ಸ್ಟಿರಿಯೊ (ಎಡಕ್ಕೆ ಬಲಕ್ಕೆ ಬೇರೆ ಬೇರೆ ಸದ್ದು) ಎರಡರಲ್ಲೂ ಬಂತು. ನನ್ನನ್ನು ಕೇಳಿದರೆ ಮೊನೊ. ಅದು 1957ರಲ್ಲಿ ಅಮೆರಿಕದ ಹ್ಯಾಕೆನ್‌ಸ್ಯಾಕ್‌ನಲ್ಲಿ, ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲಿ ಆದ ರೆಕಾರ್ಡಿಂಗು (ಆತನ ಹಗಲಿನ ಕೆಲಸ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವುದು, ಅದು ಬೇರೆ ಕಥೆ). ಆ ಕಾಲದ ಅವರ ಸ್ಟಿರಿಯೊದಲ್ಲಿ ಕೆಲವು ವಾದ್ಯ ಪೂರ್ತಿ ಎಡಕ್ಕೆ, ಕೆಲವು ಪೂರ್ತಿ ಬಲಕ್ಕೆ ಹೋಗಿ ಕೂರುತ್ತವೆ. ಮೊನೊದಲ್ಲಿ ಎಲ್ಲರೂ ಒಟ್ಟಿಗೆ ನಿಂತು ನುಡಿಸಿದ ಹಾಗಿರುತ್ತದೆ.

ಹಳೆಯ ಪ್ರತಿಯೇ ಶ್ರೇಷ್ಠ ಅನ್ನುವವರ ಮಾತನ್ನೂ ಪೂರ್ತಿ ನಂಬಬೇಡಿ. ‘ಕೈಂಡ್ ಆಫ್ ಬ್ಲೂ’ 1959ರದ್ದು. ಮೊದಲ ಸೈಡಿನ ಮೂರು ಹಾಡು ರೆಕಾರ್ಡ್ ಮಾಡುವಾಗ ಟೇಪ್ ಮೆಷಿನ್ನು ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ಆಮೇಲೆ ಸರಿಯಾದ ವೇಗದಲ್ಲಿ ಓಡಿಸಿ ಒತ್ತಿದ್ದರಿಂದ ಶ್ರುತಿ ಒಂಚೂರು ಮೇಲೆ ಹೋಗಿದೆ. ಸರಿ ವೇಗದ ಬ್ಯಾಕಪ್ ಟೇಪಿನಿಂದ ಅದನ್ನು ತಿದ್ದಿದ್ದು 1992ರಲ್ಲಿ.

ಕಾಫಿಕಣಿವೆ, ಕೊಪ್ಪ
ಟೇಪು ಟೇಪು ಅಂತ ಹೆದರಿಸಬೇಡಿ ಮಾರಾಯ್ರೆ. 2022ರಲ್ಲಿ ಮೊಬೈಲ್ ಫಿಡೆಲಿಟಿ ಅನ್ನುವ ಮರುಮುದ್ರಣ ಕಂಪನಿಯ ಗಲಾಟೆ ಆಯ್ತಲ್ಲ? ಪೂರ್ತಿ ಅನಲಾಗ್ ಅಂತ ಜನ ನಂಬಿದ್ದ ಎಷ್ಟೋ ರೆಕಾರ್ಡುಗಳಿಗೆ ನಡುವೆ ಡಿಎಸ್‌ಡಿ ಅನ್ನುವ ಡಿಜಿಟಲ್ ಹಂತ ಇತ್ತು. ವಿಷಯ ಹೊರಬಿದ್ದ ಮೇಲೆ ಕೋರ್ಟಿಗೂ ಹೋದರು. ಅದಕ್ಕೆ ಮುಂಚೆ ವರ್ಷಗಟ್ಟಲೆ ಅದೇ ರೆಕಾರ್ಡುಗಳನ್ನು ಹೊಗಳಿದ ಕಿವಿಗಳೂ ಅವೇ ಅಲ್ವಾ? ಡಿಜಿಟಲ್ ಆದರೂ ಕೆಲಸ ಚೆನ್ನಾಗಿ ಮಾಡಿದ್ದರೆ ಸಾಕು.

ಹಳೇಪ್ಲೇಟು, ಸಾಗರ
ಒಪ್ಪಿದೆ, ಆದರೆ ಅದು ಮೂಲ ಟೇಪಿನಿಂದಲೇ ತೆಗೆದ ಡಿಎಸ್‌ಡಿ. ಯಾವುದೋ ಸಿಡಿಯಿಂದ ಎತ್ತಿದ್ದಕ್ಕೂ ಅದಕ್ಕೂ ಹೋಲಿಕೆ ಬೇಡ.

ಮಳೆಮನೆ, ತೀರ್ಥಹಳ್ಳಿ ಹತ್ತಿರ
ಇಬ್ಬರೂ ಅಮೆರಿಕದಲ್ಲೇ ಇದ್ದೀರಿ, ಸ್ವಲ್ಪ ನಮ್ಮ ಮಳೆಗಾಲಕ್ಕೆ ಬನ್ನಿ. ಎಷ್ಟೇ ದುಬಾರಿ ರೆಕಾರ್ಡ್ ತಂದರೂ ಕಪಾಟು ಗೋಡೆಗೆ ಅಂಟಿಕೊಂಡಿದ್ದರೆ ಆಷಾಢ ಮುಗಿಯುವುದರೊಳಗೆ ಕವರಿಗೆ ಬೂಷ್ಟು ಹಿಡಿದಿರುತ್ತದೆ. ಒಳಗಿನ ಕಾಗದದ ಚೀಲ ತೆಗೆದು ಪ್ಲಾಸ್ಟಿಕ್ಕಿನದ್ದು ಹಾಕಿ, ನೆಟ್ಟಗೆ ನಿಲ್ಲಿಸಿ, ಗಾಳಿ ಆಡಲಿ. ಬಚ್ಚಲೊಲೆ ಪಕ್ಕ ಬೆಚ್ಚಗಿರುತ್ತದೆ ಅಂತ ಅಲ್ಲಿಗೆ ಮಾತ್ರ ಒಯ್ಯಬೇಡಿ, ರೆಕಾರ್ಡ್ ಸೊಟ್ಟಗಾಗುತ್ತದೆ. ಹಲಗೆ ನೆಲದ ಮನೆಯಾದರೆ ಟರ್ನ್‌ಟೇಬಲ್ಲನ್ನು ಗೋಡೆಗೆ ಹೊಡೆದ ಶೆಲ್ಫಿನ ಮೇಲಿಡಿ, ಇಲ್ಲದಿದ್ದರೆ ಯಾರಾದರೂ ನಡೆದಾಡಿದರೂ ಮುಳ್ಳು ಹಾರುತ್ತದೆ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಹಾಕಬೇಡಿ, ಗುಂಯ್ ಅನ್ನುವ ಸದ್ದು ಸ್ಪೀಕರಿಗೂ ಬರುತ್ತದೆ.

ತುಂಗಾತೀರ, ಶಿವಮೊಗ್ಗ
ಎಲ್ಲರಿಗೂ ಥ್ಯಾಂಕ್ಸ್. ಮೊದಲು ‘ಬ್ಲೂ ಟ್ರೇನ್’ ಮೊನೊ ತರಿಸುತ್ತೇನೆ. ಅದಕ್ಕೆ ಬೇರೆ ಕಾರ್ಟ್ರಿಡ್ಜ್ (ಮುಳ್ಳು ಕೂರುವ ಭಾಗ) ಬೇಕಾ?

ಹಳೇಪ್ಲೇಟು, ಸಾಗರ
ಬೇಡ, ನಿಮ್ಮ ಸ್ಟಿರಿಯೊದ್ದೇ ಆಗುತ್ತದೆ. ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ, ಚಟಪಟ ಸದ್ದು ಇನ್ನೂ ಕಡಿಮೆಯಾಗುತ್ತದೆ.