ಸ್ವಾಮೀಜಿಯನ್ನು ‘ಬುದ್ಧಿ’ ಅನ್ನುವುದು: ನಿಮ್ಮ ಕಡೆ ಉಂಟಾ?

ಗೆಳೆಯರೆ,

ಶ್ರಾವಣದಲ್ಲಿ ನಮ್ಮೂರಲ್ಲಿ ಸ್ವಾಮೀಜಿಯೊಬ್ಬರ ಪಾದಪೂಜೆ ಇದೆ. ಕರೆಯೋಲೆ ಬರೆಯುವ ಕೆಲಸ ನನಗೆ ಅಂಟಿತು. ‘ಬುದ್ಧಿಯವರು ದಯಮಾಡಿಸುತ್ತಾರೆ’ ಎಂದು ಬರೆದೆ. ಊರ ಹಿರಿಯರು ಒಪ್ಪಿದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗರು ಮಾತ್ರ ‘ಪೂಜ್ಯರು ಆಗಮಿಸುತ್ತಾರೆ’ ಅಂತ ಹಾಕಿ ಅನ್ನುತ್ತಿದ್ದಾರೆ.

ತುಮಕೂರು ಕಡೆಯವರಿಗೆ ಈ ಪದ ಹೊಸದಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯನ್ನು ಪತ್ರಿಕೆಗಳು ‘ನಡೆದಾಡುವ ದೇವರು’ ಎಂದು ಬರೆದವು. ಮಠದ ಅಂಗಳದಲ್ಲಿ ಅವರು ಬುದ್ಧಿಯೇ. 1941ರಿಂದ ಮಠ ನಡೆಸಿದವರು, 2019ರಲ್ಲಿ 111 ವರ್ಷ ತುಂಬಿದ ಮೇಲೆ ಲಿಂಗೈಕ್ಯರಾದರು. ಅಲ್ಲಿ ಉಂಡು ಓದಿದ ಹುಡುಗರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಅವರ ಬಾಯಲ್ಲೂ ಇದೇ ಪದ.

ವ್ಯಾಕರಣ ನೋಡಿದರೆ ಇನ್ನೂ ಮಜ. ‘ಅವನಿಗೆ ಈಗ ಬುದ್ಧಿ ಬಂತು’ ಅನ್ನುತ್ತೇವೆ. ಮಠದಲ್ಲಿ ‘ಬುದ್ಧಿ ಬಂದರು’ ಅಂದರೆ ಮಕ್ಕಳೆಲ್ಲ ಎದ್ದು ನಿಲ್ಲುತ್ತಾರೆ! ಎದುರಿಗೇ ನಿಂತು ಮಾತಾಡುವಾಗಲೂ ಹಳಬರು ‘ನೀವು’ ಅನ್ನುವುದಿಲ್ಲ. ‘ಬುದ್ಧಿಯವರು ಅಪ್ಪಣೆ ಕೊಡಿಸಬೇಕು’ ಅನ್ನುತ್ತಾರೆ. ಈ ‘ಕೊಡಿಸು’, ‘ದಯಮಾಡಿಸು’ಗಳಲ್ಲಿರುವ ‘ಇಸು’ ಬೇರೆಯವರ ಕೈಲಿ ಮಾಡಿಸುವುದಲ್ಲ, ಬರೀ ಗೌರವದ್ದು.

ಬೇರೆ ಮಠಗಳಲ್ಲಿ ‘ಶ್ರೀಪಾದಂಗಳವರು’, ‘ಸನ್ನಿಧಾನ’ ಅನ್ನುತ್ತಾರಲ್ಲ, ಅಲ್ಲೂ ಗುರುವನ್ನು ನೇರವಾಗಿ ಹೆಸರಿಸದೆ ಅವರ ಪಾದವನ್ನೋ ಅವರಿರುವ ಜಾಗವನ್ನೋ ಹೆಸರಿಸುತ್ತಾರೆ. ಬುದ್ಧಿಯೂ ಅದೇ ಸಾಲಿನದಾ? ಇಲ್ಲಾ ‘ಬುದ್ಧಿ ಹೇಳುವವರು’ ಎಂಬುದು ಸವೆದು ಬುದ್ಧಿ ಆಯಿತಾ? ನನಗೆ ಎರಡನೆಯದರ ಮೇಲೆ ಒಲವು ಜಾಸ್ತಿ. ಮಗ ದಾರಿ ತಪ್ಪಿದರೆ ಅಪ್ಪ ಅಮ್ಮ ಮಠಕ್ಕೆ ಕರೆದುಕೊಂಡು ಹೋಗಿ ‘ಒಂಚೂರು ಬುದ್ಧಿ ಹೇಳಿ’ ಅಂತಲೇ ಕೇಳುತ್ತಾರೆ.

ಹುಡುಗರ ತಕರಾರನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಆಳುಗಳು ಜಮೀನ್ದಾರನಿಗೂ ‘ಬುದ್ಧೀ’ ಅನ್ನುತ್ತಿದ್ದರು. ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಇಳಿಸಿ, ಬಗ್ಗಿ ನಿಂತು. ಆ ಮನೆಗಳಿಂದ ಬಂದವರಿಗೆ ಪದ ಕಹಿ ಅನ್ನಿಸುವುದು ಸಹಜ ಅಲ್ವಾ? ಆದರೂ ನಾನು ಎರಡನ್ನೂ ಒಂದೇ ಅನ್ನಲಾರೆ. ಜಮೀನ್ದಾರನ ಜಗಲಿ ಮುಂದೆ ಹಾಗೆ ಕರೆಯದಿದ್ದರೆ ಕೂಲಿಗೇ ಕುತ್ತು. ಮಠದಲ್ಲಿ ‘ಸ್ವಾಮೀಜಿ’ ಅಂದರೂ ಯಾರೂ ಕೇಳುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಒಂದು ಪ್ರಶ್ನೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣರು ‘ತಾತಯ್ಯ’. ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದವರು. ಉತ್ತರ ಕರ್ನಾಟಕದ ‘ಅಜ್ಜಾರು’, ‘ಅಪ್ಪಾರು’ ಥರ ಇದೂ ನೆಂಟಸ್ತಿಕೆಯ ಪದ. ಈಗಿರುವ ಸ್ವಾಮಿಗಳನ್ನೂ ನಿಮ್ಮಲ್ಲಿ ತಾತಯ್ಯ ಅನ್ನುತ್ತಾರಾ, ಇಲ್ಲ ಅದು ಕೈವಾರದವರಿಗೇ ಮೀಸಲಾ? ಬುದ್ಧಿ ಅಂದರೆ ನಿಮ್ಮ ಅಜ್ಜಿಯರಿಗೆ ಅರ್ಥವಾಗುತ್ತಾ?

ಇನ್ನು ಬರವಣಿಗೆಯ ಮಾತು. ಕಾರ್ಡುಗಳಲ್ಲಿ ‘ಸ್ವಾಮಿಗಳವರ’ ಎಂದು ಅಚ್ಚಾಗುತ್ತೆ. ಅದನ್ನೇ ಹಿಡಿದು ನಮ್ಮ ಮೇಷ್ಟ್ರೊಬ್ಬರು ‘ಬುದ್ಧಿಗಳವರ ಪಾದಪೂಜೆ’ ಅಂತ ತಿದ್ದಿದ್ದಾರೆ. ನನ್ನ ಕಿವಿಗೆ ಒಗ್ಗುತ್ತಿಲ್ಲ, ‘ಬುದ್ಧಿಯವರ’ ಸಾಕು ಅನ್ನಿಸುತ್ತೆ. ಪ್ರೆಸ್ಸಿನವರು ಮುಂದಿನ ವಾರ ಕೇಳಿದ್ದಾರೆ, ಅಷ್ಟರೊಳಗೆ ಯಾರಾದರೂ ತಿಳಿಸಿ.