ಸಿಪ್ಯಾಪ್ ಕಾರ್ಡಿನ ಡೇಟಾ ಕಾಪಿ ಮಾಡಿದೆ, ಆಸ್ಕರ್ ಓದ್ತಾನೇ ಇಲ್ಲ

ಜಯನಗರ_4ನೇ_ಬ್ಲಾಕ್
ಅಪ್ಪಂದು ಏರ್‌ಸೆನ್ಸ್ 10 ಅನ್ನೋ ಸಿಪ್ಯಾಪ್ ಮಷಿನ್ (ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕ್ ಮೂಲಕ ಗಾಳಿ ಒತ್ತೋದು). ಮುಂದಿನ ವಾರ ಡಾಕ್ಟರಿಗೆ ಆರು ತಿಂಗಳ ಡೇಟಾ ತೋರಿಸಬೇಕು. ಎಸ್‌ಡಿ ಕಾರ್ಡಿಂದ ಪ್ರತಿ ರಾತ್ರಿಯ ದಾಖಲೆ ಇರೋ ಡೇಟಾಲಾಗ್ ಫೋಲ್ಡರ್ ಮಾತ್ರ ಪೆನ್‌ಡ್ರೈವಿಗೆ ಹಾಕ್ಕೊಂಡೆ. ಆಸ್ಕರ್ (ಈ ಡೇಟಾನ ಗ್ರಾಫಲ್ಲಿ ತೋರಿಸೋ ಕಂಪ್ಯೂಟರ್ ಸಾಫ್ಟ್‌ವೇರ್) ಅದನ್ನ ಗುರುತೇ ಹಿಡೀತಿಲ್ಲ. ಕಾರ್ಡ್ ವಾಪಸ್ ಹಾಕಿದ್ರೆ ಮಷಿನ್ ಪರದೆ ಮೇಲೆ 'ರೀಡ್ ಓನ್ಲಿ' ಅಂತ ಬರ್ತಿದೆ. ಕಾರ್ಡ್ ಕೆಟ್ಟೋಯ್ತಾ?

ಕಾರ್ಡ್_ರೀಡರ್
ಕೆಟ್ಟಿಲ್ಲ ಸರ್, ಲಾಕ್ ಆಗಿದೆ ಅಷ್ಟೆ. ಲೇಬಲ್ ನಿಮ್ಮ ಕಡೆ, ಚಿನ್ನದ ಬಣ್ಣದ ಪಟ್ಟಿಗಳಿರೋ ತುದಿ ಮೇಲಕ್ಕೆ ಬರೋ ಹಾಗೆ ಹಿಡ್ಕೊಳ್ಳಿ. ಎಡ ಅಂಚಲ್ಲಿ ಸಣ್ಣ ಗುಂಡಿ ಇದೆ, ಉಗುರಲ್ಲಿ ಮೇಲಕ್ಕೆ ತಳ್ಳಿ. ಕಂಪ್ಯೂಟರಿಗೆ ಹಾಕೋವಾಗ ಲಾಕ್ ಮಾಡೋದು ಒಳ್ಳೇ ಅಭ್ಯಾಸವೇ. ಇಲ್ಲದಿದ್ರೆ ವಿಂಡೋಸ್, ಮ್ಯಾಕ್ ಎರಡೂ ತಮ್ಮ ಫೈಲುಗಳನ್ನ ಅದರೊಳಗೆ ತುರುಕ್ತವೆ. ತೆಗೆದ್ಮೇಲೆ ಅನ್‌ಲಾಕ್ ಮಾಡೋದನ್ನ ಮರೆತ್ರೆ ಮಾತ್ರ ಆ ರಾತ್ರಿಯ ವಿವರ ಹೋಯ್ತು ಅಂತಲೇ ಲೆಕ್ಕ.

ಆಸ್ಕರ್ ಯಾಕೆ ಓದ್ತಿಲ್ಲ ಅಂದ್ರೆ, ಡೇಟಾಲಾಗ್ ಒಂದೇ ಸಾಲದು. ಅದರ ಪಕ್ಕದಲ್ಲೇ ಇರೋ ಎಸ್‌ಟಿಆರ್ ಫೈಲ್ (ದಿನದಿನದ ಸಾರಾಂಶ, ಸೆಟ್ಟಿಂಗು) ಮತ್ತು ಐಡೆಂಟಿಫಿಕೇಶನ್ ಫೈಲ್ (ಮಾಡೆಲ್, ಸೀರಿಯಲ್ ನಂಬರ್) ಎರಡೂ ಬೇಕು. ಆರಿಸಿ ಕಾಪಿ ಮಾಡೋಕೆ ಹೋಗ್ಬೇಡಿ, ಇಡೀ ಕಾರ್ಡ್ ಎತ್ಕೊಳ್ಳಿ. ಇಂಪೋರ್ಟ್ ಮಾಡೋವಾಗ ಡೇಟಾಲಾಗ್ ಅಲ್ಲ, ಅದನ್ನ ಇಟ್ಟಿರೋ ಹೊರಗಿನ ಫೋಲ್ಡರ್ ತೋರಿಸಿ.

ಇಡಿಎಫ್_ಮಾವ
ಜಾಗದ ಚಿಂತೆ ಬೇಡ. ಉಸಿರಿನ ಹರಿವು, ಒತ್ತಡ ಎರಡನ್ನೂ ಮಷಿನ್ ಸೆಕೆಂಡಿಗೆ 25 ಸಲ ಬರೆಯುತ್ತೆ. 8 ಗಂಟೆ ನಿದ್ದೆಗೆ ಸುಮಾರು 3 ಎಂಬಿ, ವರ್ಷಕ್ಕೆ 1 ಜಿಬಿ ಚಿಲ್ಲರೆ. ಈ ವಿವರ ಇರೋದು ಕಾರ್ಡಲ್ಲಿ ಮಾತ್ರ. ಮಷಿನ್ ಹೊಟ್ಟೇಲಿ ಉಳಿಯೋದು ಸಾರಾಂಶ ಅಷ್ಟೆ, ಅದಕ್ಕೇ ಕಾರ್ಡಿಲ್ಲದ ರಾತ್ರಿಗಳ ಗ್ರಾಫ್ ಆಮೇಲೆ ಸಿಗೋಲ್ಲ.

ತಿಂಗಳಿಗೊಂದು ಸಲ ಇಡೀ ಕಾರ್ಡನ್ನ ತಾರೀಖಿನ ಹೆಸರಿನ ಹೊಸ ಫೋಲ್ಡರಿಗೆ ಹಾಕಿ. ಹಳೇದರ ಮೇಲೇ ಹಾಕಿದ್ರೆ ಎಸ್‌ಟಿಆರ್ ಕೆಟ್ಟಿದ್ದ ಪಕ್ಷದಲ್ಲಿ ಒಳ್ಳೇದೂ ಅಳಿಸಿ ಹೋಗುತ್ತೆ. ಒಂದು ಪ್ರತಿ ಲ್ಯಾಪ್‌ಟಾಪಲ್ಲಿ, ಇನ್ನೊಂದು ಹೊರಗಿನ ಡಿಸ್ಕಲ್ಲಿ. ಪಿಡಿಎಫ್ ರಿಪೋರ್ಟ್ ಇದೆಯಲ್ಲ ಅಂತ ಸುಮ್ಮನಾಗ್ಬೇಡಿ, ಅದರಿಂದ ಗ್ರಾಫ್ ಮತ್ತೆ ಹುಟ್ಟೋಲ್ಲ.

ಇನ್ನೊಂದು ಗೊಂದಲ ಎಲ್ಲರಿಗೂ ಆಗುತ್ತೆ: ದಿನದ ಲೆಕ್ಕ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ. 13ರ ಬೆಳಗಿನ ಜಾವ 3ರ ನಿದ್ದೆ 12ರ ಫೋಲ್ಡರಲ್ಲೇ ಇರುತ್ತೆ.

ಯುಪಿಎಸ್_ಇದ್ಯಾ
ಸ್ಲಾಟ್ ಹತ್ರದ ಎಸ್‌ಡಿ ದೀಪ ಮಿನುಗ್ತಿದ್ರೆ ಕಾರ್ಡ್ ಕೀಳಬೇಡಿ, ಇನ್ನೂ ಬರೀತಿದೆ ಅಂತ ಅರ್ಥ. ಕರೆಂಟ್ ಹೋಗಿ ಬಂದ ರಾತ್ರಿ ಎರಡು ಮೂರು ತುಂಡು ಸೆಷನ್ ಕಂಡ್ರೆ ಗಾಬರಿಯಾಗ್ಬೇಡಿ. ಬಾತ್‌ರೂಮಿಗೆ ಎದ್ದು ಮಷಿನ್ ಆಫ್ ಮಾಡಿದ್ರೂ ಹಾಗೇ ಕಾಣುತ್ತೆ.

ವಿಂಡೋಸ್ 'ಫಾರ್ಮ್ಯಾಟ್ ಮಾಡ್ಲಾ' ಅಂದ್ರೆ ಕ್ಯಾನ್ಸಲ್ ಒತ್ತಿ. ಮೊದಲು ರೀಡರ್ ಬದಲಿಸಿ ನೋಡಿ. ಆಗಲೂ ಬರದಿದ್ರೆ ಇಡೀ ಕಾರ್ಡಿನ ಇಮೇಜ್ (ಒಂದೇ ಫೈಲಲ್ಲಿ ಯಥಾವತ್ ನಕಲು) ತೆಗೆದು, ಆ ಇಮೇಜ್ ಮೇಲೆ ಟೆಸ್ಟ್‌ಡಿಸ್ಕ್ ಅನ್ನೋ ಡೇಟಾ ರಿಕವರಿ ಸಾಫ್ಟ್‌ವೇರ್ ಓಡಿಸಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಹೊಸ ಕಾರ್ಡ್ ತಗೊಂಡ್ರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಕಾರ್ಡ್ ಪರೀಕ್ಷೆ ಸಾಫ್ಟ್‌ವೇರ್ ಹಾಕಿ ಪೂರ್ತಿ ಸೈಜ್ ನಿಜವಾ ನೋಡಿ, ಆಮೇಲೆ ಮಷಿನ್‌ಗೆ ಹಾಕಿ. 32 ಜಿಬಿ ಮೀರೋದು ಬೇಡ.

ಜಯನಗರ_4ನೇ_ಬ್ಲಾಕ್
ಗುಂಡಿ ಮೇಲಕ್ಕೆ ತಳ್ಳಿದೆ, ಮೆಸೇಜ್ ಹೋಯ್ತು. ಇಡೀ ಕಾರ್ಡ್ ಕಾಪಿ ಮಾಡಿದ್ಮೇಲೆ ಆರು ತಿಂಗಳೂ ಬಂತು. ಥ್ಯಾಂಕ್ಸ್ ಎಲ್ರಿಗೂ.