ಪದ ಬೇಕು (ತುರ್ತು): ‘ಸಿಗ್ನೇಚರ್ ಅನಲೈಸರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಐದರೊಳಗೆ ಸ್ಟಿಕ್ಕರ್ ಅಂಗಡಿಗೆ ಪದ ಕೊಡಬೇಕು. ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಮಹಡಿಯಲ್ಲಿ ಹಳೇ ವಿಡಿಯೋ ಗೇಮ್ ಬೋರ್ಡುಗಳನ್ನು ರಿಪೇರಿ ಮಾಡುತ್ತೇನೆ. ನಾಣ್ಯ ಹಾಕಿ ಆಡುತ್ತಿದ್ದ ಕಾಲದವು. ಭಾನುವಾರ ಹೈಸ್ಕೂಲು ಮಕ್ಕಳು ನೋಡಲು ಬರುತ್ತಾರೆ. ಉಪಕರಣಗಳ ಮೇಲೆ ಕನ್ನಡದ ಹೆಸರಿರಲಿ ಅಂತ ಆಸೆ. ಮಲ್ಟಿಮೀಟರ್, ಆಸಿಲೋಸ್ಕೋಪ್ ಹಾಗೇ ಬಿಟ್ಟಿದ್ದೇನೆ. ಸಿಕ್ಕಿಕೊಂಡಿರುವುದು ಎಚ್‌ಪಿ 5004ಎ ಅನ್ನುವ ಸಿಗ್ನೇಚರ್ ಅನಲೈಸರ್. 1977ರಲ್ಲಿ ಬಂದ ಮಾದರಿ.

ಅದರ ಕೆಲಸ ಇಷ್ಟು. ಚಿಪ್ಪಿನ ಒಂದು ಕಾಲಿಗೆ ಮೊನೆ ಮುಟ್ಟಿಸಿದರೆ, ಒಂದು ಸುತ್ತಿನಲ್ಲಿ ಅಲ್ಲಿ ಹರಿದ ಸೊನ್ನೆ-ಒಂದುಗಳನ್ನೆಲ್ಲ ಹಿಂಡಿ ನಾಲ್ಕೇ ಅಕ್ಷರ ತೋರಿಸುತ್ತದೆ. ಅದೇ ಆ ಕಾಲಿನ ‘ಸಿಗ್ನೇಚರ್’. 0ಯಿಂದ 9, ಜೊತೆಗೆ ಎ, ಸಿ, ಎಫ್, ಎಚ್, ಪಿ, ಯು. (ಬಿ ಹಾಕಿದರೆ ಎಂಟಿನ ಹಾಗೆ, ಡಿ ಹಾಕಿದರೆ ಸೊನ್ನೆಯ ಹಾಗೆ ಕಾಣುತ್ತದಲ್ವಾ, ಅದಕ್ಕೆ ಬಿಟ್ಟಿದ್ದಾರೆ.) ಬೋರ್ಡಿನ ಮಿದುಳಾದ ಝಡ್80 ಚಿಪ್ಪಿಗೆ ಬರೀ 00, ಅಂದರೆ ‘ಸುಮ್ನಿರು’ ಅನ್ನುವ ಆದೇಶವನ್ನೇ ಉಣಿಸುತ್ತಿದ್ದರೆ ಅದರ ವಿಳಾಸದ ತಂತಿಗಳು ಮೊದಲಿಂದ ಕೊನೆವರೆಗೆ ಎಣಿಸುತ್ತಾ ಓಡುತ್ತವೆ. ಆಗ ಅವುಗಳಲ್ಲಿ ಮೊದಲನೆಯದಾದ ಎ-0 ತಂತಿಯಲ್ಲಿ ‘ಯುಯುಯುಯು’ ಬರಬೇಕು. ಹೀಗೆ ಎಲ್ಲೆಲ್ಲಿ ಏನೇನು ಬರಬೇಕು ಅಂತ ಒಂದು ಪಟ್ಟಿ ಇರುತ್ತದೆ, ಅದರ ಜೊತೆ ಹೋಲಿಸುವುದು. ಹೋದ ವಾರ ಒಂದು ಬೋರ್ಡಿನಲ್ಲಿ ಝಡ್80ಯ ಕಾಲಲ್ಲಿ ಸರಿಯಾಗಿ ಬಂತು, ರಾಮ್ (ನೆನಪಿನ ಚಿಪ್ಪು) ಹತ್ತಿರ ಬೇರೇನೋ ಬಂತು. ನಡುವೆ ಕೂತು ಸೊನ್ನೆ-ಒಂದುಗಳನ್ನು ದಾಟಿಸಬೇಕಿದ್ದ 74ಎಲ್‌ಎಸ್244 ಚಿಪ್ಪು ಸತ್ತಿತ್ತು.

ಸದ್ಯಕ್ಕೆ ‘ಸಹಿ ವಿಶ್ಲೇಷಕ’ ಅಂತ ಬರೆದಿಟ್ಟಿದ್ದೇನೆ. ಸರಿಯಾ?

— ಮಂಡ್ಯದಿಂದ:

ಸರಿಯಿಲ್ಲ. ವಿಶ್ಲೇಷಕ ಸಂಸ್ಕೃತ. ಸಹಿ ಅರಬ್ಬಿಯ ‘ಸಹೀಹ್’. ಇದರಲ್ಲಿ ಕನ್ನಡ ಎಲ್ಲಿದೆ?

ನಮ್ಮದೇ ಪದ ‘ಒಪ್ಪ’. ಹಳೇ ಶಾಸನಗಳ ಕೊನೆಯಲ್ಲಿ ನೋಡಿ, ಸಹಿಗೆ ಒಪ್ಪ ಅಂತಲೇ ಇದೆ. ಮಲಯಾಳಿಗಳು ಇವತ್ತಿಗೂ ‘ಒಪ್ಪ್’ ಹಾಕುತ್ತಾರೆ. ನಾವು ಮಾತ್ರ ಮರೆತು ಕೂತಿದ್ದೇವೆ. ನಿಮ್ಮ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ: ಬಂದ ಅಕ್ಷರ ಪಟ್ಟಿಯ ಅಕ್ಷರಕ್ಕೆ ಒಪ್ಪಬೇಕು ತಾನೆ? ಒಪ್ಪ, ಒಪ್ಪು, ಒಪ್ಪಿಗೆ, ಎಲ್ಲಾ ಒಂದೇ ಬೇರು. ಒರೆಗೆ ಹಚ್ಚುವುದನ್ನು ಸೇರಿಸಿ ‘ಒಪ್ಪೊರೆ’ ಅನ್ನಿ. ಮುಗಿಯಿತು.

— ಕುವೆಂಪುನಗರದಿಂದ:

ಒಪ್ಪೊರೆ! ನಮ್ಮ ಮನೇಲಿ ಒಪ್ಪ ಅಂದರೆ ಒಪ್ಪ-ಓರಣ. ಮಕ್ಕಳು ಅದನ್ನು ಕೋಣೆ ಗುಡಿಸುವ ಮೆಷಿನ್ ಅಂದುಕೊಳ್ಳುತ್ತವೆ. ‘ಅಂಕಿತ’ ಇರುವಾಗ ಇದೆಲ್ಲ ಯಾಕೆ? ಕೊನೆಯಲ್ಲಿ ಕೂಡಲಸಂಗಮದೇವ ಅಂತಿದ್ದರೆ ಬಸವಣ್ಣನ ವಚನ, ಚೆನ್ನಮಲ್ಲಿಕಾರ್ಜುನ ಅಂತಿದ್ದರೆ ಅಕ್ಕನದು. ಯಾರದು ಅಂತ ಗುರುತು ಹಿಡಿಯುವುದೇ ಅಲ್ವಾ ಕೆಲಸ?

— ಕೇಳಿದವನೇ:

ಅಂಕಿತ ಚೆನ್ನಾಗಿದೆ. ಆದರೆ ಒಂದು ತೊಡಕು. ವಚನದ ನಡುವೆ ಒಂದಕ್ಷರ ತಪ್ಪಿದರೂ ಅಂಕಿತ ಅಲುಗಾಡುವುದಿಲ್ಲ. ಇಲ್ಲಿ ಒಂದು ಸುತ್ತಿನ 65,536 ಸೊನ್ನೆ-ಒಂದುಗಳಲ್ಲಿ ಒಂದೇ ಒಂದು ತಪ್ಪಿದರೂ ಆ ನಾಲ್ಕಕ್ಷರ ಬೇರೆಯಾಗುತ್ತದೆ. ಎಲ್ಲಿ ತಪ್ಪಿತು ಅಂತ ಹೇಳುವುದಿಲ್ಲ, ತಪ್ಪಿದೆ ಅಂತಷ್ಟೇ.

— ಮಂಡ್ಯದಿಂದ:

ಅಂಕಿತವೂ ಸಂಸ್ಕೃತವೇ. ಸಹಿಯ ಬಗ್ಗೆ ನನ್ನ ತಕರಾರು ಹಾಗೇ ಇದೆ.

— ಕುವೆಂಪುನಗರದಿಂದ:

‘ತಕರಾರು’ ಅರಬ್ಬಿ, ಸ್ವಾಮಿ.

— ಮಂಡ್ಯದಿಂದ:

ತಗಾದೆ ಅಂತಿಟ್ಟುಕೊಳ್ಳಿ.

— ಕುವೆಂಪುನಗರದಿಂದ:

ಅದೂ ಅರಬ್ಬಿಯೇ. ಜಮೀನು ಪಾರಸಿ. ಮಂಡ್ಯದಲ್ಲಿ ಕೂತು ಜಮೀನು, ತಕರಾರು ಎರಡೂ ಬಿಟ್ಟು ಒಂದು ದಿನ ಮಾತಾಡಿ ತೋರಿಸಿ, ಆಮೇಲೆ ಒಪ್ಪೊರೆ ನೋಡೋಣ. ಎರವಲು ಬಂದು ಮೊಮ್ಮಕ್ಕಳನ್ನು ಕಂಡ ಪದವನ್ನು ಮನೆಯಿಂದ ಆಚೆ ಹಾಕುವುದು ಯಾವ ನ್ಯಾಯ?

— ಮಂಡ್ಯದಿಂದ:

ಹೊಲ, ಗದ್ದೆ ಅಂದರೆ ಆಯಿತು. ಮೊಮ್ಮಕ್ಕಳು ಬಂದವು ಅಂತ ಮನೆಯವರನ್ನೇ ಅಟ್ಟಕ್ಕೆ ಹಾಕಿದ್ದೀರಲ್ಲ, ಅದು ಯಾವ ನ್ಯಾಯ?

— ಜಯಲಕ್ಷ್ಮೀಪುರಂನಿಂದ:

ಜಗಳದ ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಬ್ಯಾಂಕಿನಲ್ಲಿದ್ದವನು. ಚೆಕ್ ಬಂದರೆ ಮೊದಲ ಕೆಲಸ, ಅದರ ಮೇಲಿನ ಸಹಿಯನ್ನು ಕಾರ್ಡಿನ ಸಹಿಯ ಪಕ್ಕ ಇಟ್ಟು ತಾಳೆ ನೋಡುವುದು. ಮನುಷ್ಯ ಒಳ್ಳೆಯವನಾ, ಖಾತೆಯಲ್ಲಿ ದುಡ್ಡಿದೆಯಾ, ಅದೆಲ್ಲ ಆಮೇಲೆ. ನಿಮ್ಮ ಪೆಟ್ಟಿಗೆ ಯಾವುದನ್ನೂ ವಿಶ್ಲೇಷಣೆ ಮಾಡುವ ಹಾಗೆ ಕಾಣುವುದಿಲ್ಲ. ‘ಸಹಿ ತಾಳೆ’ ಅಂದರೆ ಸಾಲದಾ?

— ಕೇಳಿದವನೇ:

ಸಾಕು ಸಾರ್, ಧಾರಾಳ ಸಾಕು. ಪಟ್ಟಿಯಲ್ಲಿ ಒಂದು ಸಹಿ, ಪೆಟ್ಟಿಗೆಯಲ್ಲಿ ಒಂದು ಸಹಿ, ನಾನು ದಿನಾ ಮಾಡುವುದು ತಾಳೆಯೇ. ಈಗಷ್ಟೇ ಅಂಗಡಿಗೆ ಕೊಟ್ಟು ಬಂದೆ: ‘ಸಹಿ ತಾಳೆ ಪೆಟ್ಟಿಗೆ’. ಒಪ್ಪೊರೆಯನ್ನೂ ಬರೆದು ತೋರಿಸಿದ್ದೆ. ಅಂಗಡಿಯವರು ಎರಡು ಸಲ ಓದಿ, “ಸಾರ್, ಏನೋ ಅಕ್ಷರ ಬಿಟ್ಟುಹೋಗಿದೆ” ಅಂದರು.

ಕಾಲಲ್ಲಿರುವುದು ಸೊನ್ನೆಯೋ ಒಂದೋ ಅಂತ ದೀಪದಲ್ಲಿ ತೋರಿಸುವ ಲಾಜಿಕ್ ಪ್ರೋಬಿಗೆ ‘ತರ್ಕಶೋಧಕ’ ಅಂತ ಒಬ್ಬರು ಪ್ರತ್ಯೇಕವಾಗಿ ಬರೆದಿದ್ದರು. ಚರ್ಚಾಸ್ಪರ್ಧೆಯ ತೀರ್ಪುಗಾರರ ಹಾಗೆ ಕೇಳಿಸಿತು, ‘ಲಾಜಿಕ್ ಕಡ್ಡಿ’ ಅಂತ ಮಾಡಿಸಿದೆ. ನನ್ನ ಕಡ್ಡಿಯಲ್ಲಿ 0.8 ವೋಲ್ಟಿಗಿಂತ ಕೆಳಗಿದ್ದರೆ (ಸೊನ್ನೆ) ಹಸಿರು ದೀಪ, 2ಕ್ಕಿಂತ ಮೇಲಿದ್ದರೆ (ಒಂದು) ಕೆಂಪು, ನಡುವೆ ಸಿಕ್ಕಿಕೊಂಡರೆ ಯಾವುದೂ ಇಲ್ಲ. ಆ ಸ್ಥಿತಿಗೆ ‘ಅತಂತ್ರ’ ಅಂತ ಹಾಕಿದ್ದೇನೆ. ವಿಧಾನಸಭೆಯಿಂದ ಎರವಲು.

— ಮಂಡ್ಯದಿಂದ:

ತಾಳೆ ಸರಿ. ಸಹಿ ಸರಿಯಿಲ್ಲ.